486 ಡಾಸ್ ಕಂಪ್ಯೂಟರ್: 850 ಎಂಬಿ ಡಿಸ್ಕ್, ಎಫ್‌ಡಿಸ್ಕ್‌ನಲ್ಲಿ 504 ಮಾತ್ರ, ಅದೂ 'ನಾನ್-ಡಾಸ್' ಅಂತ

ಪೀಣ್ಯವೈರ್‌ಕಟ್:

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮ ದೊಡ್ಡಪ್ಪನ ವರ್ಕ್‌ಶಾಪ್ ಇದೆ. ಅಲ್ಲಿ ಲೋಹವನ್ನು ತಂತಿಯಿಂದ ಕತ್ತರಿಸುವ ಹಳೆಯ ವೈರ್‌ಕಟ್ ಮಷೀನಿಗೆ ಪ್ರೋಗ್ರಾಂ ಕಳಿಸಲು ಇವತ್ತಿಗೂ ಒಂದು 486 ಕಂಪ್ಯೂಟರ್ ಓಡುತ್ತಿದೆ. ಡಿಎಕ್ಸ್2-66, 8 ಎಂಬಿ ರ‍್ಯಾಮ್, ಎಂಎಸ್-ಡಾಸ್ 6.22. ಮಷೀನ್ ಜೊತೆಗೇ ಬಂದ ಐಎಸ್‌ಎ (ಹಳೇ ಮಾದರಿಯ ಸ್ಲಾಟಿಗೆ ಕೂರುವ) ಕಾರ್ಡ್ ಒಳಗಿದೆ. ಈಗ ಅಂಗಡಿಯಲ್ಲಿ ಸಿಗುವ ಮದರ್‌ಬೋರ್ಡುಗಳಲ್ಲಿ ಆ ಸ್ಲಾಟೇ ಇರುವುದಿಲ್ಲ, ಹಾಗಾಗಿ ಹೊಸ ಕಂಪ್ಯೂಟರ್ ತಗೊಳ್ಳಿ ಅನ್ನುವ ಸಲಹೆ ದಯವಿಟ್ಟು ಬೇಡ.

ತೊಂದರೆ ಇರುವುದು ಹಾರ್ಡ್ ಡಿಸ್ಕಿನದು. ಈಚೆಗೆ ಕಟಕಟ ಅಂತ ಸದ್ದು ಮಾಡುತ್ತಿದೆ. ಇನ್ನೂ ಬೂಟ್ ಆಗುತ್ತದೆ, ಕೆಲಸವೂ ನಡೆಯುತ್ತಿದೆ, ಎಷ್ಟು ದಿನ ಅಂತ ಹೇಳುವ ಹಾಗಿಲ್ಲ. ಅದರಲ್ಲಿರುವ ಪ್ರೋಗ್ರಾಂಗಳು ಬೇರೆಲ್ಲೂ ಇಲ್ಲ. ಕೆಲವು ಡೈಗಳ (ಲೋಹದ ಅಚ್ಚುಗಳ) ಡ್ರಾಯಿಂಗ್ ಕೂಡ ಈಗ ಸಿಗುವುದಿಲ್ಲ, ಪ್ರೋಗ್ರಾಂ ಹೋದರೆ ಆ ಕೆಲಸ ತಗೊಳ್ಳುವುದನ್ನೇ ನಿಲ್ಲಿಸಬೇಕಾಗುತ್ತದೆ.

ಲೇಬಲ್ ಮೇಲೆ 850 ಎಂಬಿ, 1654 ಸಿಲಿಂಡರ್, 16 ಹೆಡ್, 63 ಸೆಕ್ಟರ್ (ಡಿಸ್ಕಿನಲ್ಲಿ ಜಾಗದ ವಿಳಾಸ ಹೇಳುವ ಮೂರು ಎಣಿಕೆಗಳು) ಅಂತ ಇದೆ. ಹಾರ್ಡ್ ಡಿಸ್ಕಿನಿಂದಲೇ ಬೂಟ್ ಮಾಡಿದರೆ ಸಿ: ಮತ್ತು ಡಿ: ಎರಡೂ ಬರುತ್ತವೆ, ಎಲ್ಲ ಫೈಲೂ ತೆರೆಯುತ್ತವೆ. ಅದೇ ಡಾಸ್ ಫ್ಲಾಪಿ ಹಾಕಿ ಬೂಟ್ ಮಾಡಿ ಸಿ: ಅಂತ ಹೊಡೆದರೆ 'ಇನ್‌ವ್ಯಾಲಿಡ್ ಡ್ರೈವ್ ಸ್ಪೆಸಿಫಿಕೇಷನ್' ಬರುತ್ತದೆ. ಫ್ಲಾಪಿಯಿಂದ ಎಫ್‌ಡಿಸ್ಕ್ (ಡಿಸ್ಕನ್ನು ಭಾಗ ಮಾಡುವ ಡಾಸ್ ಪ್ರೋಗ್ರಾಂ) ಓಡಿಸಿ 4ನೇ ಆಯ್ಕೆಯಲ್ಲಿ ನೋಡಿದರೆ ಒಂದೇ ಪಾರ್ಟಿಷನ್ (ಭಾಗ), 504 ಎಂಬಿ, ವಿಧ 'ನಾನ್-ಡಾಸ್'. ಎರಡು ಡ್ರೈವ್ ಇರುವ ಡಿಸ್ಕ್ ಹೀಗೆ ಯಾಕೆ ಕಾಣಿಸುತ್ತದೆ?

ಇದಕ್ಕೆ ಬದಲಾಗಿ ಹಾಕೋಣ ಅಂತ ಎಸ್‌ಪಿ ರೋಡಿನಿಂದ 8 ಜಿಬಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು, ಐಡಿಇ ಅಡಾಪ್ಟರ್ ತಂದಿದ್ದೇನೆ. ಲ್ಯಾಪ್‌ಟಾಪಿನಲ್ಲಿ 2 ಜಿಬಿ ಫ್ಯಾಟ್16 (ಡಾಸ್ ಫೈಲ್ ಇಡುವ ವ್ಯವಸ್ಥೆ) ಪಾರ್ಟಿಷನ್ ಮಾಡಿ, ಡಾಸ್ ಫೈಲ್ ಹಾಕಿ 486ಗೆ ಜೋಡಿಸಿದರೆ 'ಮಿಸ್ಸಿಂಗ್ ಆಪರೇಟಿಂಗ್ ಸಿಸ್ಟಮ್' ಅನ್ನುತ್ತದೆ. 486ರಲ್ಲೇ ಎಫ್‌ಡಿಸ್ಕ್ ಓಡಿಸಿದರೆ ಈ ಕಾರ್ಡಿಗೂ 504 ಎಂಬಿಯೇ ತೋರಿಸುತ್ತದೆ. ಎರಡಕ್ಕೂ ಅದೇ 504. ಎಫ್‌ಡಿಸ್ಕ್ ಹಾಳಾಗಿದೆಯಾ, ಕಂಟ್ರೋಲರ್ ಹೋಗಿದೆಯಾ? ಹಳೇ ಡಿಸ್ಕಿನ ಮೇಲೆ ಇನ್ನೂ ಏನೂ ಪ್ರಯೋಗ ಮಾಡಿಲ್ಲ.

ಎಂಟುಬಿಟ್:

ಫ್ಲಾಪಿಯಲ್ಲಿ ನಾನ್-ಡಾಸ್ ಅಂತ ಬಂದರೆ ಮಾಸ್ಟರ್ ಬೂಟ್ ರೆಕಾರ್ಡ್ (ಎಂಬಿಆರ್, ಬೂಟ್ ಕೋಡ್ ಮತ್ತು ಪಾರ್ಟಿಷನ್ ಪಟ್ಟಿ ಇರುವ ಮೊದಲ ಸೆಕ್ಟರ್) ಕೆಟ್ಟಿರುತ್ತದೆ. ವೈರಸ್ ಇರಬಹುದು, ಆ ಕಾಲದಲ್ಲಿ ಬೂಟ್ ಸೆಕ್ಟರ್ ವೈರಸ್ ಜಾಸ್ತಿ. ಫ್ಲಾಪಿಯಿಂದ ಬೂಟ್ ಮಾಡಿ 'ಎಫ್‌ಡಿಸ್ಕ್ /ಎಂಬಿಆರ್' ಕೊಡಿ. ಡಾಟಾ ಮುಟ್ಟುವುದಿಲ್ಲ, ಬೂಟ್ ಕೋಡ್ ಮಾತ್ರ ಹೊಸದಾಗಿ ಬರೆಯುತ್ತದೆ. ಆಮೇಲೆ ನೋಡಿ.

ಸಿಲಿಂಡರ್1024:

ಪೀಣ್ಯ ಅವರೇ, ದಯವಿಟ್ಟು ಹಳೇ ಡಿಸ್ಕಿಗೆ ಎಫ್‌ಡಿಸ್ಕ್ /ಎಂಬಿಆರ್ ಕೊಡಬೇಡಿ. ಈ ಒಂದು ಆಜ್ಞೆಯಿಂದಲೇ ಎಲ್ಲ ಕಳೆದುಕೊಳ್ಳುವ ಸ್ಥಿತಿಯಲ್ಲಿ ನಿಮ್ಮ ಡಿಸ್ಕ್ ಇದೆ ಅಂತ ನನಗೆ ಅನಿಸುತ್ತದೆ. ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು 504ರ ವಿಷಯ. ಎಫ್‌ಡಿಸ್ಕ್ ಹಾಳಾಗಿಲ್ಲ, ಕಂಟ್ರೋಲರೂ ಚೆನ್ನಾಗಿದೆ. ಎಫ್‌ಡಿಸ್ಕ್ ತಾನಾಗಿ ಡಿಸ್ಕನ್ನು ಅಳೆಯುವುದಿಲ್ಲ, ಬಯಾಸ್ (ಬೋರ್ಡಿನ ಚಿಪ್ಪಿನಲ್ಲಿದ್ದು ಡಾಸ್‌ಗಿಂತ ಮೊದಲು ಓಡುವ ಪ್ರೋಗ್ರಾಂ) ಏನು ಹೇಳುತ್ತದೋ ಅದನ್ನೇ ನಂಬುತ್ತದೆ. ಹಳೇ ಬಯಾಸ್‌ನಲ್ಲಿ ಸಿಲಿಂಡರ್ ನಂಬರಿಗೆ 10 ಬಿಟ್, ಅಂದರೆ 1024ಕ್ಕಿಂತ ಜಾಸ್ತಿ ಸಿಲಿಂಡರ್ ಹೇಳಲು ಬರುವುದಿಲ್ಲ. ಸೆಕ್ಟರಿಗೆ 6 ಬಿಟ್, ಎಣಿಕೆ 1ರಿಂದ ಶುರು, ಹಾಗಾಗಿ 63. ಹೆಡ್ಡಿಗೆ ಬಯಾಸ್ ಕಡೆ 8 ಬಿಟ್ ಇದ್ದರೂ ಐಡಿಇ ಡಿಸ್ಕಿನ ಕಡೆ ಇರುವುದು 4 ಬಿಟ್ ಮಾತ್ರ, ಅಲ್ಲಿಗೆ 16. ಎರಡೂ ಕಡೆಯ ಚಿಕ್ಕ ಸಂಖ್ಯೆಯನ್ನೇ ಹಿಡಿಯಬೇಕಾದ್ದರಿಂದ 1024 × 16 × 63 ಸೆಕ್ಟರ್, ಒಂದೊಂದಕ್ಕೆ 512 ಬೈಟ್. ಗುಣಿಸಿದರೆ 52,84,82,304 ಬೈಟ್, ಎಫ್‌ಡಿಸ್ಕ್ ಲೆಕ್ಕದಲ್ಲಿ ಸರಿಯಾಗಿ 504 ಎಂಬಿ. ನಿಮ್ಮ 1654 ಸಿಲಿಂಡರಿನ ಡಿಸ್ಕಾಗಲಿ, 8 ಜಿಬಿ ಕಾರ್ಡಾಗಲಿ, ನಾಳೆ ಇನ್ನೇನೇ ಜೋಡಿಸಿದರೂ ಈ ಬಯಾಸ್ 1024ಕ್ಕೆ ನಿಲ್ಲುತ್ತದೆ. ಆಮೇಲೆ ಬಂದ ಬೋರ್ಡುಗಳಲ್ಲಿ ಈ ಮಿತಿ ದಾಟಲು, ಸೆಕ್ಟರುಗಳನ್ನು ಒಂದೇ ಸಾಲಿನಲ್ಲಿ ಎಣಿಸುವ ಎಲ್‌ಬಿಎ ಅಂತ ಒಂದು ಸೆಟ್ಟಿಂಗ್ ಬಂತು. ನಿಮ್ಮ ಸೆಟಪ್‌ನಲ್ಲಿ ನಾರ್ಮಲ್, ಲಾರ್ಜ್, ಎಲ್‌ಬಿಎ ಅನ್ನುವ ಆಯ್ಕೆ ಕಾಣದಿದ್ದರೆ ಅದು ಇಲ್ಲ ಅಂತಲೇ ಅರ್ಥ.

ಹಾಗಾದರೆ 850 ಎಂಬಿ ಡಿಸ್ಕ್ ಇದೇ ಬಯಾಸ್ ಮೇಲೆ ಇಷ್ಟು ವರ್ಷ ಪೂರ್ತಿ ಕೆಲಸ ಮಾಡಿದ್ದು ಹೇಗೆ? ಅದೇ ಇಲ್ಲಿನ ಗುಟ್ಟು. ಆಗ ಡಿಸ್ಕ್ ಕೊಂಡರೆ ಜೊತೆಗೆ ಒಂದು ಫ್ಲಾಪಿ ಕೊಡುತ್ತಿದ್ದರು. ಆನ್‌ಟ್ರ್ಯಾಕ್ ಡಿಸ್ಕ್ ಮ್ಯಾನೇಜರ್ ಅಥವಾ ಈಝಡ್-ಡ್ರೈವ್. ಇವು ಡಿಸ್ಕಿನ ಮೊದಲ ಟ್ರ್ಯಾಕಿನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಇಡುತ್ತವೆ. ಓವರ್‌ಲೇ ಅಂತ ಕರೆಯುತ್ತೇವೆ. ಬೂಟ್ ಆಗುವಾಗ ಡಾಸ್‌ಗಿಂತ ಮೊದಲು ಅದು ಮೆಮೊರಿಗೆ ಬಂದು, ಬಯಾಸ್‌ನ ಡಿಸ್ಕ್ ಕೆಲಸವನ್ನು ತಾನು ವಹಿಸಿಕೊಂಡು, ಹೆಡ್ ಜಾಸ್ತಿ ಇವೆ ಸಿಲಿಂಡರ್ ಕಡಿಮೆ ಇವೆ ಅಂತ ಡಾಸ್‌ಗೆ ತೋರಿಸುತ್ತದೆ. ಡಾಸ್ ಅದನ್ನು ನಂಬಿ ಪೂರ್ತಿ 850 ಎಂಬಿ ಬಳಸುತ್ತದೆ. ಫ್ಲಾಪಿಯಿಂದ ನೇರವಾಗಿ ಬೂಟ್ ಮಾಡಿದಾಗ ಓವರ್‌ಲೇ ಏಳುವುದೇ ಇಲ್ಲ. ಆಗ ಎಫ್‌ಡಿಸ್ಕ್‌ಗೆ ಕಾಣುವುದು ಓವರ್‌ಲೇ ಮುಂದೆ ನಿಲ್ಲಿಸಿರುವ, ಹೆಸರಿಗಷ್ಟೇ ಇರುವ ಪಾರ್ಟಿಷನ್ ಮಾತ್ರ. ಡಿಸ್ಕ್ ಮ್ಯಾನೇಜರ್ ಆದರೆ ಅದರ ವಿಧದ ಸಂಖ್ಯೆ ಹೆಕ್ಸ್‌ನಲ್ಲಿ 54, ಈಝಡ್-ಡ್ರೈವ್ ಆದರೆ 55. ಡಾಸ್‌ಗೆ ಎರಡೂ ಗೊತ್ತಿಲ್ಲ, ಅದಕ್ಕೇ ನಾನ್-ಡಾಸ್. ನಿಮ್ಮ ನಿಜವಾದ ಸಿ:, ಡಿ: ಪಟ್ಟಿ ಬೇರೆ ಸೆಕ್ಟರಿನಲ್ಲಿ ಹುಷಾರಾಗಿ ಕೂತಿದೆ.

ಈಗ ಎಫ್‌ಡಿಸ್ಕ್ /ಎಂಬಿಆರ್ ಕೊಟ್ಟರೆ ಓವರ್‌ಲೇಯನ್ನು ಎಬ್ಬಿಸುವ ಕೋಡ್ ಅಳಿಸಿಹೋಗುತ್ತದೆ. ಡಾಟಾ ಅಲ್ಲೇ ಇರುತ್ತದೆ, ಅಲ್ಲಿಗೆ ಹೋಗುವ ದಾರಿ ಇರುವುದಿಲ್ಲ. ಗಟ್ಟಿಯಾಗಿರುವ ಡಿಸ್ಕಾದರೆ ರಿಪೇರಿ ಮಾಡಬಹುದು, ಕಟಕಟ ಅನ್ನುವ ಡಿಸ್ಕಿನ ಮೇಲೆ ಆ ಸಾಹಸ ಬೇಡ.

ಖಚಿತ ಮಾಡಿಕೊಳ್ಳಲು ಒಂದು ಕೆಲಸ. ಹಾರ್ಡ್ ಡಿಸ್ಕಿನಿಂದ ಬೂಟ್ ಮಾಡಿ, ಮೆಮೊರಿ ಎಣಿಕೆ ಮುಗಿದ ಮೇಲೆ 'ಸ್ಟಾರ್ಟಿಂಗ್ ಎಂಎಸ್-ಡಾಸ್' ಬರುವ ಮುಂಚೆ ಪರದೆ ನೋಡುತ್ತಿರಿ. ಡಿಸ್ಕ್ ಮ್ಯಾನೇಜರ್ ಆದರೆ ಫ್ಲಾಪಿಯಿಂದ ಬೂಟ್ ಆಗಲು ಸ್ಪೇಸ್‌ಬಾರ್ ಒತ್ತಿ ಅನ್ನುವ ಇಂಗ್ಲಿಷ್ ಸಾಲು ಬರುತ್ತದೆ. ಈಝಡ್-ಡ್ರೈವ್ ಆದರೆ ಕಂಟ್ರೋಲ್ ಕೀ ಹಿಡಿದುಕೊಳ್ಳಿ ಅನ್ನುತ್ತದೆ. ಇನ್ನೂ ಮೂರು ವಿಷಯ ತಿಳಿಸಿ: ಸಿ: ಮತ್ತು ಡಿ:ಯಲ್ಲಿ ನಿಜವಾಗಿ ಎಷ್ಟು ಎಂಬಿ ತುಂಬಿದೆ, ಕಾನ್ಫಿಗ್.ಸಿಸ್ ಒಳಗೆ ಏನೇನಿದೆ, ಮಷೀನ್ ಸಾಫ್ಟ್‌ವೇರಿಗೆ ಪ್ರಿಂಟರ್ ಪೋರ್ಟಿನಲ್ಲಿ ಡಾಂಗಲ್ (ಸಾಫ್ಟ್‌ವೇರ್ ಓಡಲು ಬೇಕಾದ ಬೀಗದಂಥ ಸಾಧನ) ಇದೆಯಾ.

ಪೀಣ್ಯವೈರ್‌ಕಟ್:

ಸರ್, ಅದೇ! ಸ್ಪೇಸ್‌ಬಾರ್ ಸಾಲು ಬರುತ್ತದೆ, ಅರೆಕ್ಷಣ ಇದ್ದು ಹೋಗುತ್ತದೆ. ಇಷ್ಟು ವರ್ಷ ಎಲ್ಲರೂ ಅದು ಕಂಪ್ಯೂಟರಿನದೇ ಮೆಸೇಜ್ ಅಂದುಕೊಂಡಿದ್ದರು. ಆ ಸಾಲು ಬಂದಾಗ ಸ್ಪೇಸ್‌ಬಾರ್ ಒತ್ತಿ, ಆಮೇಲೆ ಫ್ಲಾಪಿ ಹಾಕಿ ಮುಂದುವರಿಸಿದೆ. ಈಗ ಎ: ಪ್ರಾಂಪ್ಟಿನಿಂದಲೇ ಸಿ:, ಡಿ: ಎರಡೂ ಕಾಣುತ್ತವೆ.

ಸಿ:ಯಲ್ಲಿ ಡಾಸ್, ಮಷೀನ್ ಸಾಫ್ಟ್‌ವೇರ್, ಹಳೇ ಅಕೌಂಟ್ಸ್ ಪ್ಯಾಕೇಜ್. ಡಿ:ಯಲ್ಲಿ ಕಟಿಂಗ್ ಪ್ರೋಗ್ರಾಂಗಳು. ಎರಡೂ ಸೇರಿ 100 ಎಂಬಿ ಕೂಡ ಇಲ್ಲ. ಕಾನ್ಫಿಗ್.ಸಿಸ್‌ನಲ್ಲಿ ಹೈಮೆಮ್, ಬಫರ್ಸ್, ಫೈಲ್ಸ್ ಸಾಲುಗಳು, ಜೊತೆಗೆ ಐಎಸ್‌ಎ ಕಾರ್ಡಿನ ಡ್ರೈವರ್. ಡಾಂಗಲ್ ಇದೆ, ಪ್ರಿಂಟರ್ ಪೋರ್ಟಿಗೆ ಚುಚ್ಚಿದೆ. ಸಾಫ್ಟ್‌ವೇರಿನ ಸೆಟ್ಟಿಂಗ್ಸ್‌ನಲ್ಲಿ ಪ್ರೋಗ್ರಾಂ ಜಾಗ ಡಿ: ಅಂತಲೇ ಇದೆ, ಬದಲಾಯಿಸಲು ಪಾಸ್‌ವರ್ಡ್ ಕೇಳುತ್ತದೆ. ಅದು ಯಾರಿಗೂ ಗೊತ್ತಿಲ್ಲ.

ಈಗ ಕಾರ್ಡನ್ನು ಅದೇ ಕೇಬಲಿಗೆ ಸ್ಲೇವ್ (ಎರಡನೇ ಡಿಸ್ಕ್) ಮಾಡಿ ಹಾಕಿ, ಡಾಸ್‌ನಲ್ಲೇ ಕಾಪಿ ಮಾಡಿಬಿಡಲಾ?

ಕಡಲತಡಿ:

ಪೀಣ್ಯ ಅವರೇ, ಕಾಪಿ ಆಮೇಲೆ ಮಾರಾಯ್ರೆ, ಮೊದಲು ಇಮೇಜ್ ತೆಗೆಯಿರಿ. ಸದ್ದು ಮಾಡುವ ಡಿಸ್ಕಿನಲ್ಲಿ ಒಂದೊಂದು ಸಲ ಆನ್ ಮಾಡುವುದೂ ಖರ್ಚೇ. ಫೈಲ್ ಫೈಲ್ ಕಾಪಿ ಮಾಡುವಾಗ ಹೆಡ್ ಅತ್ತಿತ್ತ ಓಡಾಡಬೇಕು, ಕೆಟ್ಟ ಸೆಕ್ಟರ್ ಸಿಕ್ಕರೆ ಡಾಸ್ 'ಅಬಾರ್ಟ್, ರಿಟ್ರೈ, ಫೇಲ್' ಅಂತ ಕೂರುತ್ತದೆ, ನೀವು ರಿಟ್ರೈ ಒತ್ತಿದಷ್ಟೂ ಡಿಸ್ಕ್ ಸವೆಯುತ್ತದೆ. ಇಮೇಜ್ ಅಂದರೆ ಮೊದಲ ಸೆಕ್ಟರಿನಿಂದ ಕೊನೆಯವರೆಗೆ ಒಂದೇ ದಿಕ್ಕಿನಲ್ಲಿ ಓದಿಕೊಂಡು ಹೋಗುವುದು. ಓವರ್‌ಲೇ ಸಮೇತ ಎಲ್ಲ ಬರುತ್ತದೆ, ಆಮೇಲೆ ಡಿಸ್ಕ್ ಸತ್ತರೂ ನಿಮ್ಮ ಕೈಯಲ್ಲಿ ಅದರ ಪೂರ್ತಿ ಪ್ರತಿ ಇರುತ್ತದೆ.

ಒಂದು ಯುಎಸ್‌ಬಿ-ಐಡಿಇ ಅಡಾಪ್ಟರ್ ಬೇಕು, ಅದೇ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ, ಜೊತೆಗೆ ಪವರ್ ಸಪ್ಲೈ ಇರುವುದನ್ನೇ ಕೇಳಿ. ಡಿಸ್ಕಿನ ಜಂಪರ್ (ಪಿನ್ನುಗಳನ್ನು ಜೋಡಿಸುವ ಚಿಕ್ಕ ತುಂಡು) ಮಾಸ್ಟರ್‌ನಲ್ಲಿ, ಅಂದರೆ ಮೊದಲ ಡಿಸ್ಕ್ ಅಂತ ಇರಲಿ. ಲ್ಯಾಪ್‌ಟಾಪನ್ನು ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಕೆಟ್ಟ ಡಿಸ್ಕಿನ ಪ್ರತಿ ತೆಗೆಯುವ ಡಿಡಿರೆಸ್ಕ್ಯೂ ಪ್ರೋಗ್ರಾಂ ಬಳಸಿ. ಎಲ್ಲೆಲ್ಲಿ ಓದಿ ಆಯಿತು ಅಂತ ಬರೆದಿಡುವ ಮ್ಯಾಪ್ ಫೈಲ್ ಕೊಡುವುದನ್ನು ಮರೆಯಬೇಡಿ. ಆ ಫೈಲ್ ಇದ್ದರೆ ಮಧ್ಯದಲ್ಲಿ ನಿಲ್ಲಿಸಿ ಡಿಸ್ಕ್ ತಣ್ಣಗಾದ ಮೇಲೆ ನಿಲ್ಲಿಸಿದ ಕಡೆಯಿಂದ ಮುಂದುವರಿಸಬಹುದು. ಮೊದಲ ಸುತ್ತಿನಲ್ಲಿ ಕೆಟ್ಟ ಜಾಗಗಳನ್ನು ಕೆದಕದೆ ಸುಮ್ನೆ ಬಿಟ್ಟು ಮುಂದೆ ಹೋಗುವ ಆಯ್ಕೆ ಇದೆ, ಅದನ್ನು ಹಾಕಿ. ಚೆನ್ನಾಗಿರುವ ಭಾಗ ಎಲ್ಲ ಕೈಗೆ ಬಂದ ಮೇಲೆ ಉಳಿದದ್ದರ ಬೆನ್ನು ಹತ್ತಬಹುದು.

ವಿಂಡೋಸ್‌ನಲ್ಲಿ ಮಾತ್ರ ಈ ಡಿಸ್ಕನ್ನು ಚುಚ್ಚಬೇಡಿ. ಓವರ್‌ಲೇ ಅಲ್ಲೂ ಏಳುವುದಿಲ್ಲ, ವಿಂಡೋಸಿಗೂ ಗೊತ್ತಿಲ್ಲದ ಪಾರ್ಟಿಷನ್ನೇ ಕಾಣುತ್ತದೆ. ಫಾರ್ಮ್ಯಾಟ್ ಮಾಡಲಾ ಅಂತ ಕೇಳಿದಾಗ ಯಾರಾದರೂ ಅಭ್ಯಾಸಬಲದಿಂದ ಎಂಟರ್ ಒತ್ತಿದರೆ ಮುಗಿಯಿತು.

ಇಮೇಜ್ ಬಂದ ಮೇಲೆ ಫೈಲ್ ತೆಗೆಯಲು ಒಂದು ಲೆಕ್ಕ ನೆನಪಿಡಿ. ಡಿಸ್ಕ್ ಮ್ಯಾನೇಜರ್ ಇಡೀ ಡಿಸ್ಕನ್ನು ಒಂದು ಟ್ರ್ಯಾಕ್, ಅಂದರೆ 63 ಸೆಕ್ಟರ್ ಮುಂದೆ ತಳ್ಳಿರುತ್ತದೆ. 63 × 512 = 32256. ಇಮೇಜನ್ನು ಲೂಪ್ ಡಿವೈಸ್ (ಫೈಲನ್ನೇ ಡಿಸ್ಕ್ ಹಾಗೆ ತೋರಿಸುವುದು) ಮಾಡುವಾಗ ಆಫ್‌ಸೆಟ್ (ಎಷ್ಟು ಬೈಟ್ ಬಿಟ್ಟು ಶುರು ಮಾಡಬೇಕು ಅನ್ನುವ ಸಂಖ್ಯೆ) 32256 ಕೊಟ್ಟು, ಪಾರ್ಟಿಷನ್ ಹುಡುಕಲು ಹೇಳಿ. ಆ ಜಾಗದಿಂದ ನೋಡಿದರೆ ಮಾಮೂಲಿ ಪಾರ್ಟಿಷನ್ ಪಟ್ಟಿ ಸಿಗುತ್ತದೆ, ನಿಮ್ಮ ಸಿ: ಮತ್ತು ಡಿ: ಬೇರೆ ಬೇರೆಯಾಗಿ ತೆರೆಯುತ್ತವೆ. ಓದಲು ಮಾತ್ರ ಅಂತ ಮೌಂಟ್ ಮಾಡಿ (ಲಿನಕ್ಸ್‌ನಲ್ಲಿ ಜೋಡಿಸಿ ತೆರೆಯಿರಿ).

ಸಿಲಿಂಡರ್1024:

ಕಡಲತಡಿ ಹೇಳಿದ್ದು ಅಕ್ಷರಶಃ ಪಾಲಿಸಿ. ಕಾರ್ಡನ್ನು ಹಳೇ ಡಿಸ್ಕಿನ ಜೊತೆ ಒಂದೇ ಕೇಬಲಿಗೆ ಹಾಕುವುದು ನನಗೂ ಒಪ್ಪಿಗೆ ಇಲ್ಲ. ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡುಗಳು ಹಳೇ ಡಿಸ್ಕಿನ ಜೊತೆ ಮಾಸ್ಟರ್-ಸ್ಲೇವ್ ಆಗಿ ಹೊಂದಿಕೊಳ್ಳದೇ ಇರುವುದು ತುಂಬ ಸಾಮಾನ್ಯ. ಇನ್ನೊಂದು, ಓವರ್‌ಲೇ ಎದ್ದಿರುವಾಗ ಅದು ಎರಡನೇ ಡಿಸ್ಕಿನ ಲೆಕ್ಕವನ್ನೂ ಬದಲಾಯಿಸಬಹುದು. ಆಗ ಮಾಡಿದ ಪಾರ್ಟಿಷನ್ ಕಾರ್ಡ್ ಒಂದೇ ಇರುವಾಗ ತಾಳೆಯಾಗುವುದಿಲ್ಲ.

ಈಗ 8 ಜಿಬಿ ಕಾರ್ಡಿನ ವಿಷಯ. ಅದನ್ನು ಪೂರ್ತಿ ಬಳಸಬೇಕೆಂದರೆ ದಾರಿ ಇದೆ. ಎಕ್ಸ್‌ಟಿಐಡಿಇ ಯೂನಿವರ್ಸಲ್ ಬಯಾಸ್ ಅನ್ನುವ ಮುಕ್ತ ತಂತ್ರಾಂಶವನ್ನು ಈಪ್ರಾಮ್ ಚಿಪ್ಪಿಗೆ ಬರೆದು, ಹಳೇ ಐಎಸ್‌ಎ ನೆಟ್‌ವರ್ಕ್ ಕಾರ್ಡಿನ ಬೂಟ್ ರಾಮ್ ಸಾಕೆಟ್ಟಿನಲ್ಲಿ ಕೂರಿಸಿದರೆ 486ಗೂ ಎಲ್‌ಬಿಎ ಬರುತ್ತದೆ. ಮನೆಯಲ್ಲಿ ಆಟ ಆಡುವ ಕಂಪ್ಯೂಟರ್ ಆಗಿದ್ದರೆ ನಾನೇ ಅದನ್ನು ಮಾಡಿ ಅನ್ನುತ್ತಿದ್ದೆ. ಇದು ದುಡಿಯುವ ಕಂಪ್ಯೂಟರ್. ನಿಮ್ಮ ಡಾಟಾ 100 ಎಂಬಿ ಒಳಗೆ ಇದೆ. ಹಾಗಿರುವಾಗ 504ರ ಗೋಡೆ ಹಾರುವ ಅಗತ್ಯವೇ ಇಲ್ಲ, ಅದರೊಳಗೆ ಹಿಡಿಸುವ ಕಾರ್ಡ್ ತಗೊಳ್ಳಿ. 512 ಎಂಬಿ ಕಾರ್ಡು ಸಾಕು. ನನ್ನ ಹತ್ತಿರ ಇರುವುದು 993 ಸಿಲಿಂಡರ್, 16 ಹೆಡ್, 63 ಸೆಕ್ಟರ್ ಅಂತ ಹೇಳಿಕೊಳ್ಳುತ್ತದೆ, ಅಂದರೆ ಸುಮಾರು 488 ಎಂಬಿ. 1024 ಒಳಗೇ ಇದೆ. ಓವರ್‌ಲೇ ಬೇಡ, ಹೆಚ್ಚುವರಿ ಕಾರ್ಡ್ ಬೇಡ. ಮುಂದೆ ಯಾರೇ ರಿಪೇರಿಗೆ ಬಂದರೂ ಮಾಮೂಲಿ ಡಾಸ್ ಫ್ಲಾಪಿ ಹಾಕಿದರೆ ಸಿ: ಕಾಣುತ್ತದೆ.

ಚಿಕ್ಕ ಪಾರ್ಟಿಷನ್ನಿನಲ್ಲಿ ಇನ್ನೊಂದು ಲಾಭ ಇದೆ. ಫ್ಯಾಟ್16ರಲ್ಲಿ ಪಾರ್ಟಿಷನ್ ದೊಡ್ಡದಾದಷ್ಟೂ ಕ್ಲಸ್ಟರ್, ಅಂದರೆ ಒಂದು ಫೈಲಿಗೆ ಕೊಡುವ ಅತಿ ಚಿಕ್ಕ ಜಾಗ, ದೊಡ್ಡದು. 1ರಿಂದ 2 ಜಿಬಿ ಪಾರ್ಟಿಷನ್ನಿನಲ್ಲಿ ಒಂದು ಕ್ಲಸ್ಟರ್ 32 ಕೆಬಿ. ನಿಮ್ಮ ಕಟಿಂಗ್ ಪ್ರೋಗ್ರಾಂ 3 ಕೆಬಿ ಇದ್ದರೂ 32 ಕೆಬಿ ನುಂಗುತ್ತದೆ. 256 ಎಂಬಿ ಒಳಗಿನ ಪಾರ್ಟಿಷನ್ ಆದರೆ 4 ಕೆಬಿಗೆ ಮುಗಿಯುತ್ತದೆ.

ಲ್ಯಾಪ್‌ಟಾಪಿನಲ್ಲಿ ಮಾಡಿದ ಕಾರ್ಡು 'ಮಿಸ್ಸಿಂಗ್ ಆಪರೇಟಿಂಗ್ ಸಿಸ್ಟಮ್' ಅಂದದ್ದು ಯಾಕೆ ಅಂತಲೂ ಹೇಳಿಬಿಡುತ್ತೇನೆ. ಈಗಿನ ಕಂಪ್ಯೂಟರ್ ಪಾರ್ಟಿಷನ್ ಪಟ್ಟಿ ಬರೆಯುವಾಗ 255 ಹೆಡ್ ಅಂತ ಲೆಕ್ಕ ಹಾಕುತ್ತದೆ. ನಿಮ್ಮ ಬಯಾಸ್ ಓದುವುದು 16 ಹೆಡ್ ಲೆಕ್ಕದಲ್ಲಿ. ಪಟ್ಟಿಯಲ್ಲಿ ಬರೆದ ವಿಳಾಸಕ್ಕೆ ಹೋದರೆ ಅಲ್ಲಿ ಬೂಟ್ ಸೆಕ್ಟರ್ ಇರುವುದಿಲ್ಲ, ಬೇರೇನೋ ಇರುತ್ತದೆ. ಆದ್ದರಿಂದ ಪಾರ್ಟಿಷನ್, ಫಾರ್ಮ್ಯಾಟ್ ಎರಡೂ 486ರಲ್ಲೇ ಆಗಬೇಕು. ಫೈಲ್ ತುಂಬುವುದನ್ನು ಮಾತ್ರ ಲ್ಯಾಪ್‌ಟಾಪಿನ ಕಾರ್ಡ್ ರೀಡರಿನಲ್ಲಿ ಮಾಡಬಹುದು, ಅದಕ್ಕೆ ತೊಂದರೆ ಇಲ್ಲ.

ಕೆಲಸ ಹೀಗೆ ಮಾಡಿ. ಮೊದಲು ಈಗಿನ ಸೆಟಪ್ ಪರದೆಗಳ ಫೋಟೋ ತೆಗೆದಿಟ್ಟುಕೊಳ್ಳಿ. ಹಳೇ ಡಿಸ್ಕ್ ಬಿಚ್ಚಿ ಪಕ್ಕಕ್ಕಿಡಿ, ಕಾರ್ಡ್ ಒಂದೇ ಇರಲಿ, ಅಡಾಪ್ಟರಿನ ಜಂಪರ್ ಮಾಸ್ಟರ್. ಸೆಟಪ್‌ನಲ್ಲಿ ಡಿಸ್ಕ್ ಪತ್ತೆ ಮಾಡುವ ಆಯ್ಕೆ ಇದ್ದರೆ ಬಳಸಿ, ಇಲ್ಲದಿದ್ದರೆ ಟೈಪ್ 47 ಅಥವಾ ಯೂಸರ್ ಆರಿಸಿ ಸಂಖ್ಯೆ ತುಂಬಿ. ಆ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಒಳಗೆ ಅಂಟಿಸಿ. ಆಮೇಲೆ ಫ್ಲಾಪಿ, ಎಫ್‌ಡಿಸ್ಕ್. ಕಾರ್ಡಿನಲ್ಲಿ ಮೊದಲೇ ಇರುವ ಪಾರ್ಟಿಷನ್ ಅಳಿಸಿ. ಪ್ರೈಮರಿ (ಸಿ: ಆಗುವ ಮೊದಲ ಭಾಗ) ಮಾಡುವಾಗ ಪೂರ್ತಿ ಜಾಗ ಬಳಸಲಾ ಅಂತ ಕೇಳುತ್ತದೆ, ಅಲ್ಲಿ ಎನ್ ಒತ್ತಿ 240 ಕೊಡಿ. ಉಳಿದದ್ದನ್ನು ಎಕ್ಸ್‌ಟೆಂಡೆಡ್ ಮಾಡಿ, ಅದರೊಳಗೆ ಒಂದು ಲಾಜಿಕಲ್ ಡ್ರೈವ್. ಅದೇ ನಿಮ್ಮ ಡಿ:. ಪಾಸ್‌ವರ್ಡ್ ಗೊತ್ತಿಲ್ಲದ ಸಾಫ್ಟ್‌ವೇರಿಗೆ ಡಿ: ಬೇಕೇ ಬೇಕಲ್ವಾ, ಅದಕ್ಕೇ ಈ ಎರಡು ಭಾಗ.

ಎನ್ ಒತ್ತಿದ್ದರಿಂದ ಪ್ರೈಮರಿ ತಾನಾಗಿ ಆ್ಯಕ್ಟಿವ್ ಆಗಿರುವುದಿಲ್ಲ. 2ನೇ ಆಯ್ಕೆಗೆ ಹೋಗಿ ಆ್ಯಕ್ಟಿವ್ ಮಾಡಿ. ಇದನ್ನು ಬಿಟ್ಟರೆ ಕೆಲವು ಬಯಾಸ್‌ಗಳಲ್ಲಿ 'ನೋ ರಾಮ್ ಬೇಸಿಕ್, ಸಿಸ್ಟಮ್ ಹಾಲ್ಟೆಡ್' ಅಂತ ಬಂದು ನಿಲ್ಲುತ್ತದೆ. ಅದನ್ನು ನೋಡಿ ಬೋರ್ಡೇ ಹೋಯಿತು ಅಂತ ಎಸೆದವರಿದ್ದಾರೆ. ರೀಬೂಟ್ ಮಾಡಿ 'ಫಾರ್ಮ್ಯಾಟ್ ಸಿ: /ಎಸ್', ನಂತರ 'ಫಾರ್ಮ್ಯಾಟ್ ಡಿ:'.

ಎಂಟುಬಿಟ್:

ಓವರ್‌ಲೇ ಇರುವ ಡಿಸ್ಕಿಗೆ /ಎಂಬಿಆರ್ ಬೇಡ, ಒಪ್ಪಿದೆ. ಆದರೆ ಹೊಸ ಕಾರ್ಡಿಗೆ ಅದು ಬೇಕಾಗಬಹುದು, ನೆನಪಿಟ್ಟುಕೊಳ್ಳಿ. ಕ್ಯಾಮೆರಾಗೆ ಅಂತ ಮಾರುವ ಕಾರ್ಡುಗಳ ಮೊದಲ ಸೆಕ್ಟರಿನಲ್ಲಿ ಪಾರ್ಟಿಷನ್ ಪಟ್ಟಿ ಇರುತ್ತದೆ, ಕೊನೆಗೆ 55ಎಎ ಗುರುತೂ ಇರುತ್ತದೆ, ಬೂಟ್ ಕೋಡ್ ಇರುವ ಜಾಗ ಮಾತ್ರ ಖಾಲಿ. ಡಾಸ್ ಎಫ್‌ಡಿಸ್ಕ್ ಆ ಗುರುತು ನೋಡಿ ಕೋಡ್ ಇದೆ ಅಂದುಕೊಂಡು ಹೊಸದಾಗಿ ಬರೆಯುವುದಿಲ್ಲ. ಪಾರ್ಟಿಷನ್ ಸರಿ, ಫಾರ್ಮ್ಯಾಟ್ ಸರಿ, ಆ್ಯಕ್ಟಿವ್ ಸರಿ, ಆದರೂ ಬೂಟ್ ಮಾಡಿದರೆ ಕರ್ಸರ್ ಮಿನುಗುತ್ತಾ ನಿಂತಿರುತ್ತದೆ. ಆಗ ಫ್ಲಾಪಿಯಿಂದ ಎಫ್‌ಡಿಸ್ಕ್ /ಎಂಬಿಆರ್. ಅದು ಬರೆಯುವುದು ಮೊದಲನೇ ಡಿಸ್ಕಿಗೆ, ಹಾಗಾಗಿ ಕೇಬಲಿನಲ್ಲಿ ಕಾರ್ಡ್ ಒಂದೇ ಇರುವುದನ್ನು ಕಣ್ಣಾರೆ ನೋಡಿಕೊಂಡು ಕೊಡಿ.

ಫ್ಯಾಟ್32 ಮಾಡುವ ಯೋಚನೆ ಯಾರಾದರೂ ಕೊಟ್ಟರೆ ಬೇಡ ಅನ್ನಿ. ಅದು ವಿಂಡೋಸ್ 95ರ ನಂತರದ ಆವೃತ್ತಿಯ ಜೊತೆ 1996ರಲ್ಲಿ ಬಂದದ್ದು, ಡಾಸ್ 6.22ಗೆ ಓದಲು ಬರುವುದಿಲ್ಲ.

ಪೀಣ್ಯವೈರ್‌ಕಟ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮುಖ್ಯ ಸುದ್ದಿ ಮೊದಲು: ಇಮೇಜ್ ಬಂತು. ಡಿಡಿರೆಸ್ಕ್ಯೂ ಕೊನೆಯ ಭಾಗದಲ್ಲಿ ಒಂದಷ್ಟು ಸೆಕ್ಟರ್ ಓದಲಾಗಲಿಲ್ಲ ಅಂದಿತು, ಮಧ್ಯೆ ನಿಲ್ಲಿಸಿ ಮತ್ತೆ ಓಡಿಸಿದ ಮೇಲೆ ಅದರಲ್ಲೂ ಹೆಚ್ಚಿನದು ಸಿಕ್ಕಿತು. 32256 ಕೊಟ್ಟ ತಕ್ಷಣ ಎರಡೂ ಪಾರ್ಟಿಷನ್ ತೆರೆದವು. ದೊಡ್ಡಪ್ಪ ಪಕ್ಕದಲ್ಲೇ ಕೂತು ಪ್ರೋಗ್ರಾಂ ಹೆಸರು ಒಂದೊಂದೇ ಓದಿ, ಇದು ಆ ಡೈ, ಇದು ಈ ಪಂಚ್ ಅಂತ ಗುರುತಿಸಿದರು. ಅವರು ಕೇಳಿದ್ದೆಲ್ಲ ಇದೆ.

512 ಎಂಬಿ ಕಾರ್ಡು ಸಿಕ್ಕಿತು. ಸೆಟಪ್ ಪತ್ತೆ ಮಾಡಿತು, ಪಾರ್ಟಿಷನ್ ಹೇಳಿದ ಹಾಗೇ ಮಾಡಿದೆ. ಎಂಟುಬಿಟ್ ಅವರು ಬರೆದಂತೆಯೇ ಕರ್ಸರ್ ಮಿನುಗುತ್ತಾ ನಿಂತಿತು, ಎಫ್‌ಡಿಸ್ಕ್ /ಎಂಬಿಆರ್ ಕೊಟ್ಟೆ, ಮುಂದಿನ ಬೂಟಿಗೆ ಸಿ: ಪ್ರಾಂಪ್ಟ್ ಬಂತು. ಸದ್ದೇ ಇಲ್ಲದೆ ಇಷ್ಟು ಬೇಗ ಬೂಟ್ ಆಗುವುದನ್ನು ನೋಡಿ ಆಪರೇಟರ್ ಮತ್ತೆ ಆಫ್ ಮಾಡಿ ಆನ್ ಮಾಡಿಸಿದರು.

ಈಗ ಉಳಿದಿರುವ ಒಂದು ತೊಡಕು. ಸಿ: ಫೈಲ್ ಎಲ್ಲ ಕಾಪಿ ಆಯಿತು, ಸಾಫ್ಟ್‌ವೇರ್ ತೆರೆಯಿತು, ಡಾಂಗಲ್ ಒಪ್ಪಿಕೊಂಡಿತು. ಡಿ:ಯಲ್ಲಿ ಮಾತ್ರ ಫೈಲುಗಳು ಫೋಲ್ಡರ್ ಇಲ್ಲದೆ ನೇರ ಡಿ:ಯಲ್ಲೇ ಇವೆ, 400ರ ಮೇಲಿವೆ. ಲ್ಯಾಪ್‌ಟಾಪಿನಿಂದ ಕಾಪಿ ಮಾಡುವಾಗ ಅರ್ಧ ಆದ ಮೇಲೆ ಜಾಗ ಇಲ್ಲ ಅನ್ನುತ್ತದೆ. ಜಾಗ ನೋಡಿದರೆ ಮುಕ್ಕಾಲು ಪಾಲು ಖಾಲಿ ಇದೆ. ಇಮೇಜನ್ನು ಎಂಎಸ್‌ಡಾಸ್ ವಿಧ ಅಂತ ಮೌಂಟ್ ಮಾಡಿದ್ದೇನೆ, ಹೆಸರುಗಳೆಲ್ಲ ಚಿಕ್ಕಕ್ಷರದಲ್ಲಿ ಕಾಣುತ್ತವೆ. ಕಾರ್ಡ್ ತಾನಾಗಿ ವಿಫ್ಯಾಟ್ (ಉದ್ದ ಹೆಸರನ್ನೂ ಇಡುವ ಫ್ಯಾಟ್ ವಿಧ) ಅಂತ ಮೌಂಟ್ ಆಗಿದೆ.

ಕಡಲತಡಿ:

ಕಾರಣವನ್ನು ನೀವೇ ಬರೆದಿದ್ದೀರಿ, ಚಿಕ್ಕಕ್ಷರ. ಫ್ಯಾಟ್16 ಹಾರ್ಡ್ ಡಿಸ್ಕಿನ ಮೂಲ ಡೈರೆಕ್ಟರಿಯಲ್ಲಿ 512 ನಮೂದುಗಳಿಗೆ ಮಾತ್ರ ಜಾಗ. ಫಾರ್ಮ್ಯಾಟ್ ಮಾಡುವಾಗಲೇ ಅಷ್ಟು ಅಂತ ಗೊತ್ತಾಗಿರುತ್ತದೆ, ಆಮೇಲೆ ಬೆಳೆಯುವುದಿಲ್ಲ. ಡಾಸ್ ಹೆಸರು 8 ಅಕ್ಷರ, ಚುಕ್ಕಿ, 3 ಅಕ್ಷರ, ಎಲ್ಲ ದೊಡ್ಡಕ್ಷರ. ಅದಕ್ಕೆ ಒಂದು ನಮೂದು ಸಾಕು. ಲಿನಕ್ಸ್ ಎಂಎಸ್‌ಡಾಸ್ ವಿಧದಲ್ಲಿ ಅದನ್ನು ಚಿಕ್ಕಕ್ಷರ ಮಾಡಿ ತೋರಿಸುತ್ತದೆ. ಅದೇ ಚಿಕ್ಕಕ್ಷರದ ಹೆಸರನ್ನು ವಿಫ್ಯಾಟ್ ಕಾರ್ಡಿಗೆ ಬರೆದಾಗ, ಹೆಸರಿನ ರೂಪ ಉಳಿಸಲು ಉದ್ದ ಹೆಸರಿನ ನಮೂದೊಂದನ್ನು ಜೊತೆಗೆ ಸೇರಿಸುತ್ತದೆ. ಒಂದು ಫೈಲಿಗೆ ಎರಡು ಜಾಗ ಹೋಯಿತು. ಹಾಗಾಗಿ 255ರ ಆಸುಪಾಸಿನಲ್ಲಿ ನಿಂತಿರಬೇಕು, ಎಣಿಸಿ ನೋಡಿ.

ಕಾರ್ಡಿನ ಡಿ:ಯಲ್ಲಿ ಕಾಪಿ ಆದದ್ದನ್ನು ಅಳಿಸಿ, ಕಾರ್ಡನ್ನೂ ಎಂಎಸ್‌ಡಾಸ್ ವಿಧದಲ್ಲೇ ಮೌಂಟ್ ಮಾಡಿ ಮತ್ತೆ ಕಾಪಿ ಮಾಡಿ. ಆ ವಿಧದಲ್ಲಿ ಉದ್ದ ಹೆಸರು ಅನ್ನುವುದೇ ಇಲ್ಲ, ಒಂದಕ್ಕೆ ಒಂದೇ ನಮೂದು. 400 ಚಿಲ್ಲರೆ ಹಿಡಿಸುತ್ತದೆ. ಹೊಸ ಪ್ರೋಗ್ರಾಂ ಸೇರಿಸುತ್ತಾ ಹೋದರೆ 512 ಮತ್ತೆ ಬರುತ್ತದೆ. ಡಿ:ಯಲ್ಲಿ ಒಂದು ಫೋಲ್ಡರ್ ಮಾಡಿ ಬಳಕೆ ನಿಂತ ಪ್ರೋಗ್ರಾಂಗಳನ್ನು ಅಲ್ಲಿಗೆ ಸರಿಸಿ. ಫೋಲ್ಡರ್ ಒಳಗೆ ಈ ಮಿತಿ ಇಲ್ಲ.

ಪೀಣ್ಯವೈರ್‌ಕಟ್:

ಎಣಿಸಿದೆ, 254ಕ್ಕೆ ನಿಂತಿತ್ತು! ಎಂಎಸ್‌ಡಾಸ್ ವಿಧದಲ್ಲಿ ಮೌಂಟ್ ಮಾಡಿದ ಮೇಲೆ ಎಲ್ಲವೂ ಕಾಪಿ ಆದವು. ಇವತ್ತು ಮಧ್ಯಾಹ್ನ ಒಂದು ಹಳೇ ಪಂಚ್ ಪ್ರೋಗ್ರಾಂ ಮಷೀನಿಗೆ ಕಳಿಸಿ, ಮೊದಲು ವೈರ್ ಇಲ್ಲದೆ ಡ್ರೈ ರನ್, ಆಮೇಲೆ ತುಂಡು ಲೋಹದ ಮೇಲೆ ಕಟ್ ಮಾಡಿಸಿದೆವು. ಮೈಕ್ರೋಮೀಟರಿನಲ್ಲಿ ಅಳತೆ ಸರಿ ಬಂತು. ಇಮೇಜನ್ನು ಎರಡು ಕಡೆ ಇಟ್ಟಿದ್ದೇನೆ, ಹಳೇ ಡಿಸ್ಕನ್ನು ಆಂಟಿಸ್ಟ್ಯಾಟಿಕ್ ಕವರಿನಲ್ಲಿ ಹಾಕಿ ಬೀರುವಿನಲ್ಲಿ.

ಇನ್ನು ಮುಂದೆ ಇಟ್ಟುಕೊಳ್ಳಬೇಕಾದ ಎಚ್ಚರ ಏನಾದರೂ ಇದ್ದರೆ ಹೇಳಿ.

ಸಿಲಿಂಡರ್1024:

ಬಹಳ ಸಂತೋಷ ಆಯಿತು. ಎರಡು ಕೆಲಸ ಇವೆ, ಎರಡನ್ನೂ ಈ ವಾರವೇ ಮಾಡಿ.

ಒಂದು, ಬೋರ್ಡಿನ ಬ್ಯಾಟರಿ. 486 ಬೋರ್ಡುಗಳಲ್ಲಿ ಕೀಬೋರ್ಡ್ ಕನೆಕ್ಟರ್ ಹತ್ತಿರ ಬೆಸುಗೆ ಹಾಕಿದ ನೀಲಿ ಅಥವಾ ಹಸಿರು ಪೀಪಾಯಿ ಆಕಾರದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. ಅದು ಸೋರಿದರೆ ಬೋರ್ಡಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಕಾಲುಗಳ ಸುತ್ತ ಹಸಿರು ಪುಡಿ ಕಂಡರೆ ಶುರುವಾಗಿದೆ ಅಂತಲೇ ತಿಳಿಯಿರಿ. ಈಗಲೇ ತೆಗೆಸಿ, ಹೊರಗಿನ ಬ್ಯಾಟರಿ ಜೋಡಿಸುವ ಪಿನ್ ಬೋರ್ಡಿನಲ್ಲಿ ಇದ್ದರೆ ಅಲ್ಲಿಂದ ಕೊಡಿ. ಬ್ಯಾಟರಿ ಸತ್ತು ಸೆಟಪ್ ಮರೆತುಹೋದರೆ ಕಾರ್ಡ್ ಸಿಗುವುದಿಲ್ಲ ಅನ್ನುತ್ತದೆ. ಆಗ ಯಾರೂ ಎಫ್‌ಡಿಸ್ಕ್ ತೆಗೆಯುವುದು ಬೇಡ, ಚೀಟಿಯಲ್ಲಿರುವ ಸಿಲಿಂಡರ್, ಹೆಡ್, ಸೆಕ್ಟರ್ ಮತ್ತೆ ತುಂಬಿದರೆ ಸಾಕು.

ಎರಡು, ಅದೇ ಕಂಪನಿಯ ಅದೇ ಮಾದರಿಯ ಇನ್ನೊಂದು 512 ಎಂಬಿ ಕಾರ್ಡ್ ತಂದು, ಈಗಿನ ಕಾರ್ಡಿನ ಇಮೇಜನ್ನು ಅದಕ್ಕೆ ಬರೆದಿಡಿ. ಬೇರೆ ಕಂಪನಿಯದಾದರೆ 512 ಅಂತ ಬರೆದಿದ್ದರೂ ಸೆಕ್ಟರ್ ಸಂಖ್ಯೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಕಡಿಮೆ ಇದ್ದರೆ ಡಿ:ಯ ಬಾಲ ಕತ್ತರಿಸಿಹೋಗುತ್ತದೆ. ಬರೆದ ಮೇಲೆ 486ಗೆ ಹಾಕಿ ಒಂದು ಸಲ ಬೂಟ್ ಮಾಡಿಸಿ, ಡಿ:ಯಿಂದ ಒಂದು ಪ್ರೋಗ್ರಾಂ ತೆರೆದು ನೋಡಿ, ಆಮೇಲೆ ಎತ್ತಿಡಿ.